ಚೌಕಟ್ಟಿನ ವೈರುಧ್ಯ: ದಾಖಲೆ ಛಾಯಾಚಿತ್ರ ಮತ್ತು ಕಲಬುರಗಿಯ ಕಲ್ಲುಸೀಮೆ

ದಾಖಲೆ ಛಾಯಾಚಿತ್ರಗಳ ವಿಮರ್ಶೆಯಲ್ಲಿ ಪರಂಪರೆ ಮತ್ತು ದಿನಬದುಕುಗಳನ್ನು ಎದುರುಬದುರು ನಿಲ್ಲಿಸಿ ಅರ್ಥೈಸುವ ಕ್ರಮ ರೂಢವಾಗಿದೆ. ಕನ್ನಡಿ ಹೊಲಿದ ಕಾಂಚಳಿ, ಫೇಟಿಯಾ ತೊಟ್ಟ ಲಂಬಾಣಿ ಮಹಿಳೆಯ ಹಿಂದೆ ಸಿಮೆಂಟು ಕಾರ್ಖಾನೆಯ ಚಿಮಣಿ ಕಂಡರೆ, ಆಕೆ ಗತಕಾಲದ ಸಂಕೇತವೆಂದೂ ಚಿಮಣಿ ವರ್ತಮಾನದ ಸಂಕೇತವೆಂದೂ ಓದಲಾಗುತ್ತದೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಪರಿಸರವನ್ನು ಪರಿಶೀಲಿಸಿದಾಗ ಈ ಓದಿನ ಮಿತಿ ಸ್ಪಷ್ಟವಾಗುತ್ತದೆ.

ಈ ಕ್ರಮಕ್ಕೆ ವಸಾಹತುಕಾಲೀನ ಹಿನ್ನೆಲೆಯಿದೆ. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟವಾದ ‘ದಿ ಪೀಪಲ್ ಆಫ್ ಇಂಡಿಯಾ’ ಬಹುಪಾಲು ಜನರನ್ನು ಜಾತಿ, ಬುಡಕಟ್ಟುಗಳ ಮಾದರಿಗಳಾಗಿ ತೋರಿಸಿತು. ಈ ಐದೂ ಊರುಗಳು 1948ರವರೆಗೆ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮರ ಛಾಯಾಗ್ರಾಹಕರಾಗಿದ್ದ ರಾಜಾ ದೀನ್ ದಯಾಳ್ (1844–1905) ಅರಮನೆಯ ವೈಭವವನ್ನು ಸೆರೆಹಿಡಿದರು. ಅವರದೇ ಸಂಸ್ಥೆಯು 1899–1900ರ ಬರಗಾಲದಲ್ಲಿ ಔರಂಗಾಬಾದಿನ ಹಸಿದ ದೇಹಗಳನ್ನೂ ದಾಖಲಿಸಿತು. ವೈಭವ ಮತ್ತು ಹಸಿವು ಒಂದೇ ಆಳ್ವಿಕೆಯ ಎರಡು ಮುಖಗಳಾಗಿದ್ದರೂ ಬೇರೆ ಬೇರೆ ಚೌಕಟ್ಟುಗಳು ಅವುಗಳ ಸಂಬಂಧವನ್ನು ಮರೆಮಾಚಿದವು.

ಚಿತ್ತಾಪುರ ತಾಲ್ಲೂಕಿನ ಸನ್ನತಿ ಇದಕ್ಕೆ ಪ್ರತಿಯಾದ ನಿದರ್ಶನ. 1986ರಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಗುಡಿಯ ಮಾಳಿಗೆ ಕುಸಿದಾಗ, ದೇವಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ತಿಳಿಯಿತು. ಮೂರ್ತಿ ಕೂರಿಸಲು ಕೊರೆದ ರಂಧ್ರ ಕೆಲವು ಅಕ್ಷರಗಳನ್ನು ನುಂಗಿದೆ. ಶಾಸನತಜ್ಞರ ದೃಷ್ಟಿಯಲ್ಲಿ ಆ ರಂಧ್ರ ಒಂದು ನಷ್ಟ. ಆದರೆ ಛಾಯಾಚಿತ್ರದ ವಿಮರ್ಶಕನಿಗೆ ಅದೂ ಒಂದು ಬರಹವೇ. ಗ್ರಾಮದ ನಿತ್ಯಪೂಜೆಯಲ್ಲಿ ಬಳಕೆಯಾದುದರಿಂದಲೇ ಆ ಕಲ್ಲು ಉಳಿಯಿತೆಂಬುದನ್ನು ಅದು ಸೂಚಿಸುತ್ತದೆ.

ಈ ಸೀಮೆಯ ಸುಣ್ಣಕಲ್ಲು ಸಹ ಇದೇ ಮಾತನ್ನು ಹೇಳುತ್ತದೆ. ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರು ಕೊರೆದ ಶಿಲ್ಪ ಮೂಡಿರುವುದು ಸುಣ್ಣಕಲ್ಲಿನ ಫಲಕದಲ್ಲಿ. ಶಹಾಬಾದಿನ ಪರ್ಸಿಕಲ್ಲು ಮನೆಗಳ ನೆಲವಾಗಿದೆ. ವಾಡಿಯ ಕುಲುಮೆಗಳಲ್ಲಿ ಸುಣ್ಣಕಲ್ಲು ಸಿಮೆಂಟಾಗುತ್ತದೆ. ಸೇಡಂ ತಾಲ್ಲೂಕಿನಲ್ಲಿ ರಾಷ್ಟ್ರಕೂಟರ ರಾಜಧಾನಿ ಮಳಖೇಡದ ಕೋಟೆಗೂ ಸಿಮೆಂಟು ಕಾರ್ಖಾನೆಗೂ ಹೆಚ್ಚು ದೂರವಿಲ್ಲ. ಆದ್ದರಿಂದ ಇಲ್ಲಿ ಕೋಟೆ ಮತ್ತು ಚಿಮಣಿಗಳನ್ನು ಒಟ್ಟಿಗೆ ತೋರಿಸುವ ಚಿತ್ರವನ್ನು ಹಳತು-ಹೊಸತುಗಳ ವೈರುಧ್ಯವೆನ್ನುವುದಕ್ಕಿಂತ, ನೆಲವೊಂದರ ಬಳಕೆಯ ಚರಿತ್ರೆಯೆನ್ನುವುದು ಉಚಿತ.

ವೈರುಧ್ಯವೇ ಇಲ್ಲವೆಂದು ಇದರ ಅರ್ಥವಲ್ಲ. ಅದು ಇರುವ ಜಾಗ ಬೇರೆ. ಚಿಂಚೋಳಿಯ ತಾಂಡಾಗಳಿಂದ ಮುಂಬಯಿ, ಪುಣೆಗಳಿಗೆ ಗುಳೆ ಹೋಗುವ ಕುಟುಂಬದ ಮಹಿಳೆಗೆ ಕಸೂತಿಯ ಉಡುಪು ಮತ್ತು ಕೂಲಿಯ ಬುಟ್ಟಿ ಎರಡೂ ವರ್ತಮಾನವೇ. ವೈರುಧ್ಯವಿರುವುದು ಆಕೆಯ ದುಡಿಮೆಗೂ ಆಕೆಗೆ ದಕ್ಕುವ ಪಾಲಿಗೂ ನಡುವೆ. ಚಿತ್ರದ ಅಡಿಯಲ್ಲಿ ‘ಸಾಂಪ್ರದಾಯಿಕ ಉಡುಪಿನ ಮಹಿಳೆ’ ಎಂದಷ್ಟೇ ಬರೆದರೆ ಕೂಲಿ, ನೀರು, ವಸತಿಗಳ ಪ್ರಶ್ನೆ ಅಳಿಸಿಹೋಗುತ್ತದೆ. ಆಕೆ ಹಕ್ಕುಳ್ಳ ಸಮಕಾಲೀನಳಾಗಿ ಉಳಿಯದೆ ಪ್ರದರ್ಶನದ ವಸ್ತುವಾಗುತ್ತಾಳೆ.

ಹೀಗಾಗಿ ಛಾಯಾಚಿತ್ರವನ್ನು ಆಕರವಾಗಿ ಬಳಸುವ ಸಂಶೋಧಕರಿಗೂ ಅದನ್ನು ಕಾಯ್ದಿಡುವ ಗ್ರಂಥಾಲಯಗಳಿಗೂ ಅಡಿಬರಹವು ಗೌಣ ಸಂಗತಿಯಲ್ಲ. ಸ್ಥಳ, ವರ್ಷ, ಸಂದರ್ಭ, ಚಿತ್ರಿತರ ಕಸುಬು, ಅವರ ಒಪ್ಪಿಗೆಯಿದ್ದಲ್ಲಿ ಹೆಸರು ಇವು ದಾಖಲಾಗದೆ ಚಿತ್ರದ ಅರ್ಥನಿರ್ಣಯ ಪೂರ್ಣವಾಗದು. ಪರಂಪರೆಯನ್ನು ದಿನಬದುಕಿನಿಂದ ಬೇರ್ಪಡಿಸಿದ ದಾಖಲೆಯು ಎರಡನ್ನೂ ಕಳೆದುಕೊಳ್ಳುತ್ತದೆ.