ಹರಿಯುವ ಮೊದಲು

ರಸಾಯನಶಾಸ್ತ್ರದ ಕನ್ನಡದಲ್ಲಿ 'ವಿಘಟನೆ' ಎಂಬ ಪದ ಕಂಡಾಗಲೆಲ್ಲ ನನಗೆ ಅಸಮಾಧಾನ. ನಮ್ಮ ಕೊಣ್ಣೂರಿನ ಮಾತಿನಲ್ಲಿ ಗಡಿಗೆ ಒಡೆಯುತ್ತದೆ, ಕೋಲು ಮುರಿಯುತ್ತದೆ, ಹಗ್ಗ ಹರಿಯುತ್ತದೆ. ಶಾಸ್ತ್ರದ ಭಾಷೆಗೆ ಎಲ್ಲವೂ ವಿಘಟನೆಯೇ.

ಬ್ಯುಟನಾಲ್ ಅಣುವನ್ನು ನೋಡಿ. ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಎಲೆಕ್ಟ್ರಾನಿನ ಹೊಡೆತಕ್ಕೆ ತನ್ನದೊಂದು ಎಲೆಕ್ಟ್ರಾನು ಕಳೆದುಕೊಂಡು ಅದು ಅಯಾನಾಗುತ್ತದೆ, ತೂಕ 72. ಇದರ ನಾಲ್ಕು ಕಾರ್ಬನ್ನುಗಳ ಸರಪಳಿಯನ್ನು ಎಲ್ಲಿ ಕತ್ತರಿಸಿದರೂ ಸಿಗುವುದು 15, 29, 43, 57ರ ತುಣುಕುಗಳು. ಆದರೆ ಯಂತ್ರ ಎತ್ತಿ ತೋರಿಸುವುದು 44ನ್ನು!

ಕಾರಣ, ಸರಪಳಿ ಹರಿಯುವ ಮೊದಲೇ ತುದಿಯ ಕಾರ್ಬನ್ನಿನ ಹೈಡ್ರೋಜನ್ನೊಂದು ಬಾಗಿ ಬಂದು ಆಕ್ಸಿಜನ್ನನ್ನು ಸೇರಿರುತ್ತದೆ. ಮೆಕ್‌ಲಾಫರ್ಟಿ ಹೆಸರಿನ ಮರುಜೋಡಣೆ ಇದೇ.

'ಅಣು ಒಡೆದು ಮರುಜೋಡಣೆಗೊಳ್ಳುತ್ತದೆ' ಎಂದು ಬರೆದರೆ ನನ್ನ ತಕರಾರು ಆ 'ದು'ವಿನ ಮೇಲೆ. ಕನ್ನಡದಲ್ಲಿ ಅದು ಬರೀ ಪ್ರತ್ಯಯವಲ್ಲ, ಯಾವುದು ಮೊದಲು ಎಂಬ ಸಾಕ್ಷಿ, ಇಲ್ಲಿ ಸುಳ್ಳುಸಾಕ್ಷಿ. ಕನ್ನಡ ಮಾಧ್ಯಮದಿಂದ ಬಂದ ಹುಡುಗಿ ಅದನ್ನು ನಂಬಿ 44ಕ್ಕಾಗಿ ಸರಪಳಿಯನ್ನು ಕತ್ತರಿಸುತ್ತಲೇ ಕೂರುತ್ತಾಳೆ. 'ಹೈಡ್ರೋಜನ್ ದಾಟಿ, ಬಂಧ ಹರಿಯಿತು' ಎಂದರೆ ನಾಲ್ಕೇ ಪದ, ಕ್ರಮವೂ ಸರಿ. ಉಳಿದ 28 ಎಥಿಲೀನ್. ಆವೇಶವಿಲ್ಲದ್ದರಿಂದ ಯಂತ್ರ ಅದನ್ನು ದಾಖಲಿಸುವುದಿಲ್ಲ. ಬರೆಯುವವರಾದರೂ ದಾಖಲಿಸಬಹುದು.