ದೊಡ್ಡಸ್ವಾಮಿಯವರ ಪುಸ್ತಕ

ಅಬ್ಬೆ ದುಬಾಯ್ ಬರೆದ ‘ಹಿಂದೂ ಮ್ಯಾನರ್ಸ್, ಕಸ್ಟಮ್ಸ್ ಅಂಡ್ ಸೆರೆಮೊನೀಸ್’ ಎಂಬ ದಪ್ಪ ಪುಸ್ತಕದ ಹೆಸರು ಕೇಳಿದವರು ನಮ್ಮಲ್ಲಿ ಬಹಳ, ಪೂರ್ತಿ ಓದಿದವರು ವಿರಳ. ದೆಹಲಿಯ ಭಾನುವಾರದ ಹಳೆಯ ಪುಸ್ತಕಗಳ ಸಂತೆಯಲ್ಲಿ ಅದರ ಮರುಮುದ್ರಣಗಳು ಸುಲಭವಾಗಿ ಕೈಗೆ ಸಿಗುತ್ತವೆ. ಊರು ಬಿಟ್ಟು ಬಂದ ನಮ್ಮ ಸಂಸಾರಗಳಲ್ಲಿ ಮಕ್ಕಳು “ಶ್ರಾದ್ಧದ ದಿನ ಕಾಗೆಗೆ ಯಾಕೆ ಅನ್ನ ಇಡಬೇಕು?” ಎಂದು ಕೇಳಿದರೆ ಉತ್ತರ ಹೇಳಲು ಅಜ್ಜಿ ಜೊತೆಯಲ್ಲಿರುವುದಿಲ್ಲ. ಆಗ ಇಂಥ ಇಂಗ್ಲಿಷ್ ಪುಸ್ತಕವೇ ಅಜ್ಜಿಯ ಸ್ಥಾನದಲ್ಲಿ ಬಂದು ಕೂರುವುದುಂಟು. ಆದ್ದರಿಂದ ಅದನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ವಿಚಾರಿಸುವುದು ಬರಿಯ ಪಂಡಿತರ ಕೆಲಸವಲ್ಲ.

ದುಬಾಯ್ (ಫ್ರೆಂಚರ ಬಾಯಲ್ಲಿ ದುಬ್ವಾ) ಪ್ಯಾರಿಸ್ಸಿನ ವಿದೇಶ ಮಿಷನ್ನಿನ ಪಾದ್ರಿ. 1792ರಲ್ಲಿ ಹಡಗು ಹತ್ತಿದ. ಮೊದಲು ಪಾಂಡಿಚೇರಿಯ ಮಿಷನ್ನಿನಲ್ಲಿದ್ದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಟೀಪುವಿನ ಕಾಲದಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಕೂಡಿಸಲು ಮೈಸೂರು ಸೀಮೆಗೆ ಬಂದ. ಹಾಸನದ ಹತ್ತಿರ ಸಾತಹಳ್ಳಿಯಲ್ಲಿ ಬಡ ಒಕ್ಕಲುಗಳನ್ನು ನೆಲೆ ನಿಲ್ಲಿಸಿದ. ಸಿಡುಬಿಗೆ ದೇವಿ ಹಾಕಿಸುವ ಕೆಲಸಕ್ಕೆ ಕೈಹಾಕಿದ. 1803-04ರಲ್ಲಿ ದೇವಿ ಹಾಕಿಸಿಕೊಂಡವರ ಲೆಕ್ಕ 25 ಸಾವಿರ ದಾಟಿತೆಂದು ಪುಸ್ತಕದ ಸಂಪಾದಕ ಬೋಷಾಂಪ್ ತಿಳಿಸುತ್ತಾನೆ. ಜನ ಆತನನ್ನು ‘ದೊಡ್ಡಸ್ವಾಮಿಯವರು’ ಎಂದು ಕರೆಯುತ್ತಿದ್ದರು. ಹೇಮಾವತಿ ಹಿನ್ನೀರಿನಲ್ಲಿ ಮುಳುಗಿ ಏಳುವ ಶೆಟ್ಟಿಹಳ್ಳಿಯ ಇಗರ್ಜಿಯನ್ನು ಆತನೇ ಕಟ್ಟಿಸಿದನೆಂದು ಪ್ರವಾಸಿಗಳಿಗೆ ಹೇಳುವವರಿದ್ದಾರೆ. ಅದೇ ಬಾಯಲ್ಲಿ ಅದು 1860ರ ಸುಮಾರಿನದೆಂದೂ ಹೇಳುತ್ತಾರೆ! ಪಾದ್ರಿ ಭಾರತ ಬಿಟ್ಟದ್ದು 1823ರಲ್ಲಿ, ತೀರಿಕೊಂಡದ್ದು 1848ರಲ್ಲಿ.

ಮುನ್ನುಡಿಯಲ್ಲಿ ಆತ ಹೇಳಿಕೊಳ್ಳುವ ಮಾತಿನ ಮೇಲೆಯೇ ಪುಸ್ತಕದ ಕೀರ್ತಿಯೆಲ್ಲ ನಿಂತಿದೆ. ಇಲ್ಲಿಯವರ ಉಡುಗೆ ಉಟ್ಟೆ, ಅವರಂತೆಯೇ ಉಂಡೆ, ಅವರ ಆಚಾರಗಳಿಗೆ, ಬಹುಪಾಲು ಪೂರ್ವಗ್ರಹಗಳಿಗೂ ಹೊಂದಿಕೊಂಡು ಬಾಳಿದೆ. ಆದ್ದರಿಂದ ಎಲ್ಲ ಜಾತಿಯವರೂ ನನ್ನನ್ನು ಸ್ವಾಗತಿಸಿ ತಾವಾಗಿಯೇ ತಮ್ಮ ಸಂಗತಿಗಳನ್ನು ತಿಳಿಸಿದರು ಎಂಬುದು ಅದರ ಸಾರ. ಬಾಳಿದ್ದು ನಿಜ. ಆದರೆ ಹಾಗೆ ಬಾಳಿದ ಮಾತ್ರಕ್ಕೆ ತಿಳಿವಳಿಕೆ ಬಂದುಬಿಡುತ್ತದೆಯೇ? ರಾಮಕೃಷ್ಣಪುರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಇಪ್ಪತ್ತು ವರ್ಷ ಇದ್ದು, ರಾಜ್ಮಾ ಚಾವಲ್ ತಿಂದು, ಹೋಳಿಯಲ್ಲಿ ಬಣ್ಣ ಬಳಿಸಿಕೊಂಡ ನಮ್ಮಲ್ಲಿ ಎಷ್ಟು ಮಂದಿಗೆ ಪಕ್ಕದ ಮುನೀರ್ಕಾ ಹಳ್ಳಿಯ ಜಾಟರ ಮನೆಯೊಳಗಿನ ಬದುಕು ಗೊತ್ತು? ಉಡುಪು, ಊಟ ಬಾಗಿಲವರೆಗೆ ಕರೆದೊಯ್ಯಬಲ್ಲವು, ಅಷ್ಟೆ.

ಸರ್ಕಾರ ಮಾತ್ರ ಆ ಮಾತನ್ನು ಪೂರ್ತಿಯಾಗಿ ನಂಬಿತು. ಮೈಸೂರಿನಲ್ಲಿದ್ದ ಮಾರ್ಕ್ ವಿಲ್ಕ್ಸ್ ಮೂಲಕ ಹಸ್ತಪ್ರತಿ ಮದರಾಸಿಗೆ ಹೋಯಿತು. ಗವರ್ನರ್ ಬೆಂಟಿಂಕ್, ಜನರ ರೀತಿನೀತಿಗಳಿಗೆ ಹೊಂದಿಕೊಂಡು ನಡೆಯಲು ಕಂಪನಿಯ ನೌಕರರಿಗೆ ಇದು ನೆರವಾಗುವುದೆಂದು ಶಿಫಾರಸು ಮಾಡಿದ. ಈಸ್ಟ್ ಇಂಡಿಯಾ ಕಂಪನಿ 2000 ವರಾಹ ಕೊಟ್ಟು ಅದನ್ನು ಕೊಂಡಿತು. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು, 1825ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಂಚ್ ರೂಪ ಬಂತು. ಈಗ ಅಂಗಡಿಗಳಲ್ಲಿ ಸಿಗುವುದು ಬೋಷಾಂಪನ 1897ರ ಅನುವಾದ. ಅದಕ್ಕೆ ಮ್ಯಾಕ್ಸ್ ಮುಲ್ಲರನ ಪೀಠಿಕೆಯ ಮಾತೂ ಇದೆ. ಇಷ್ಟು ದೊಡ್ಡವರ ಸಹಿಗಳು ಬಿದ್ದ ಫೈಲನ್ನು ಮತ್ತೆ ಬಿಚ್ಚಿ ನೋಡುವ ಗುಮಾಸ್ತ ಎಲ್ಲಿ ಸಿಕ್ಕಾನು?

ಬಿಚ್ಚಿದವಳು ಸಿಲ್ವಿಯಾ ಮರ್ ಎಂಬ ಫ್ರೆಂಚ್ ವಿದುಷಿ. 1977ರ ಲೇಖನದಲ್ಲಿ ಪ್ರಶ್ನೆ ಎತ್ತಿ, 1987ರಲ್ಲಿ ಎರಡು ಸಂಪುಟಗಳಲ್ಲಿ ಉತ್ತರ ಕೊಟ್ಟಳು. ಪುಸ್ತಕದ ಬಹುಭಾಗ ದುಬಾಯ್‌ಯದಲ್ಲ; ಕೆರ್ದೂ ಎಂಬ ಜೆಸ್ವಿತ್ ಪಾದ್ರಿಯ ಬರಹವನ್ನು ಅನುಸರಿಸಿದ್ದು. 1777ರ ಹೊತ್ತಿಗೆ ದೆವೋ ಎಂಬ ಸೇನಾಧಿಕಾರಿ ತಿದ್ದಿ ಸಿದ್ಧಪಡಿಸಿದ ಅದರ ಪ್ರತಿ ಲಂಡನ್ನಿನ ಇಂಡಿಯಾ ಆಫೀಸ್ ಗ್ರಂಥಾಲಯದಲ್ಲಿ ದೊರೆಯಿತು. ಈ ಕೆರ್ದೂ ಸಾಮಾನ್ಯನಲ್ಲ. ಸಂಸ್ಕೃತಕ್ಕೂ ಗ್ರೀಕ್, ಲ್ಯಾಟಿನ್‌ಗಳಿಗೂ ಇರುವ ನಂಟನ್ನು ವಿಲಿಯಂ ಜೋನ್ಸನಿಗಿಂತ ಮೊದಲೇ, 1767ರಲ್ಲಿ ಪ್ಯಾರಿಸ್ಸಿಗೆ ಬರೆದು ತಿಳಿಸಿದವನು. 1779ರಲ್ಲಿ ಪಾಂಡಿಚೇರಿಯಲ್ಲಿ ತೀರಿಕೊಂಡ.

ಬಿ.ಎಸ್‌ಸಿ. ತರಗತಿಯಲ್ಲಿ ಹಿಂದಿನ ವರ್ಷದವರ ಪ್ರಾಕ್ಟಿಕಲ್ ರೆಕಾರ್ಡಿನಿಂದ ರೀಡಿಂಗುಗಳನ್ನು ಇಳಿಸಿಕೊಳ್ಳುವವರು ಇರುತ್ತಿದ್ದರು. ಉತ್ತರ ಸರಿಯಾಗಿಯೇ ಬರುತ್ತಿತ್ತು. ಆದರೆ ಆ ಅಳತೆ ಯಾವ ದಿನದ್ದು, ಯಾವ ತಕ್ಕಡಿಯದ್ದು ಎಂದು ಕೇಳಿದರೆ ಹೇಳಲು ಏನೂ ಇರುತ್ತಿರಲಿಲ್ಲ. ಇಲ್ಲಿಯ ತೊಂದರೆಯೂ ಅದೇ. ಕದ್ದದ್ದು ಪಾಪ ಎನ್ನುವುದಕ್ಕಿಂತ, 1800ರ ನಂತರದ ಮೈಸೂರು ಸೀಮೆಯನ್ನು ಕಣ್ಣಾರೆ ಕಂಡ ಸಾಕ್ಷಿ ಎಂದು ನಾವು ಓದುವ ಪುಟಗಳು ಎಷ್ಟೋ ಕಡೆ ಅದಕ್ಕೂ ಒಂದು ತಲೆಮಾರು ಹಿಂದಿನ ಕರ್ನಾಟಿಕ್ ಪ್ರಾಂತ್ಯದ, ತೆಲುಗು ತಮಿಳು ಸೀಮೆಗಳ ಸಾಕ್ಷಿಯಾಗಿಬಿಡುತ್ತವೆ. ಅದನ್ನು ತೋರಿಸಿ “ನಮ್ಮ ಹಾಸನದ ಕಡೆ ಹೀಗಿತ್ತು” ಎಂದು ಮಗಳಿಗೆ ಹೇಳಲು ಬರುವುದಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಪುಸ್ತಕದ ಎರಡನೆಯ ಭಾಗವೆಲ್ಲ ಬ್ರಾಹ್ಮಣನ ನಾಲ್ಕು ಆಶ್ರಮಗಳಿಗೆ ಮೀಸಲು. ಜಾತಿಪದ್ಧತಿಯನ್ನು ಹಿಂದೂಗಳ ಶಾಸನದ ಮೇರುಕೃತಿಯೆಂದು ಹೊಗಳಿದ್ದಾನೆ. ಆದರೆ ಪಾದ್ರಿಯ ಹತ್ತಿರ ನಿಜವಾಗಿ ಬಂದವರು ಯಾರು? ಸಾತಹಳ್ಳಿಯ ಒಕ್ಕಲುಗಳು, ಹೊಲೆ ಮಾದಿಗರು, ದಿಕ್ಕಿಲ್ಲದವರು. ಹೊಲೆಯರ ಬವಣೆಯನ್ನು ಬರೆದಿಲ್ಲವೆಂದಲ್ಲ, ಬರೆದಿದ್ದಾನೆ. ಆದರೆ ದೂರ ನಿಂತು, ಮೂಗು ಮುಚ್ಚಿಕೊಂಡು. ಆತನ ಪ್ರಾರ್ಥನೆಗೆ ಬಂದು ಕೂತ ಒಂದು ಸಂಸಾರ ಬೆಳಗ್ಗೆ ಏನು ಉಣ್ಣುತ್ತಿತ್ತು, ಸಾಲ ಎಲ್ಲಿ ಮಾಡುತ್ತಿತ್ತು, ಹೊಸ ಮತಕ್ಕೆ ಸೇರಿದ ಮೇಲೆ ನೆಂಟರು ಹೆಣ್ಣು ಕೊಡುತ್ತಿದ್ದರೋ ಇಲ್ಲವೋ, ಈ ದೊಡ್ಡ ಪುಸ್ತಕ ಓದಿ ಮುಗಿಸಿದರೂ ತಿಳಿಯುವುದಿಲ್ಲ.

ಇದು ಆಗದ ಕೆಲಸವೇನಲ್ಲ. ದೆಹಲಿಯಿಂದ ಆಗ್ರಾ ದಾಟಿದರೆ ಸಿಗುವ ಮೈನ್‌ಪುರಿ ಜಿಲ್ಲೆಯ ಹಳ್ಳಿಯೊಂದರಲ್ಲಿ 1925ರಿಂದ ಐದು ವರ್ಷ ಕಳೆದ ಅಮೆರಿಕದ ಮಿಷನರಿ ದಂಪತಿಗಳು, ವಿಲಿಯಂ ಮತ್ತು ಷಾರ್ಲಟ್ ವೈಸರ್, 1930ರಲ್ಲಿ ‘ಬಿಹೈಂಡ್ ಮಡ್ ವಾಲ್ಸ್’ ಬರೆದರು. ಹಳ್ಳಿಗೆ ಅವರಿಟ್ಟ ಹೆಸರು ಕರೀಂಪುರ. ಜನ ಮೊದಲು ತಮ್ಮನ್ನು ಕಂಡು ಹೆದರಿದ್ದನ್ನು, ಅನುಮಾನಪಟ್ಟದ್ದನ್ನು ಅವರು ಮುಚ್ಚಿಡುವುದಿಲ್ಲ. ಮಣ್ಣಿನ ಗೋಡೆಯ ಆಚೆಗೆ ಯಾರನ್ನು ಯಾವಾಗ ಬಿಟ್ಟುಕೊಂಡರು ಎಂಬುದೇ ಅಲ್ಲಿ ಕಥೆ. ನಮ್ಮವರೇ ಆದ ಎಂ. ಎನ್. ಶ್ರೀನಿವಾಸರು ಮೈಸೂರಿನ ಹತ್ತಿರದ ರಾಮಪುರದಲ್ಲಿ 1948ರಲ್ಲಿದ್ದು, 1976ರಲ್ಲಿ ಪ್ರಕಟಿಸಿದ ‘ದಿ ರಿಮೆಂಬರ್ಡ್ ವಿಲೇಜ್’ ಪುಸ್ತಕದಲ್ಲಂತೂ ಗೌಡರುಗಳು ಎದುರಿಗೆ ಕೂತು ಮಾತಾಡುತ್ತಾರೆ.

ಹಾಗೆಂದು ದುಬಾಯ್‌ಯನ್ನು ಪೂರ್ತಿ ತಳ್ಳಿಹಾಕುವುದು ನ್ಯಾಯವಲ್ಲ. ತಮಿಳು, ತೆಲುಗು, ಕನ್ನಡ ಪ್ರತಿಗಳನ್ನು ಹಿಡಿದು ಪಂಚತಂತ್ರವನ್ನು ಫ್ರೆಂಚಿಗೆ ತಂದವನು ಆತ (1826). ಅದಕ್ಕೂ ಮಿಗಿಲಾಗಿ, 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಆತನ ಪತ್ರಗಳ ಸಂಪುಟವೊಂದಿದೆ: ‘ಲೆಟರ್ಸ್ ಆನ್ ದಿ ಸ್ಟೇಟ್ ಆಫ್ ಕ್ರಿಶ್ಚಿಯಾನಿಟಿ ಇನ್ ಇಂಡಿಯಾ’. ಇದನ್ನು ಓದುವವರು ಕಡಮೆ, ಆದರೆ ನನ್ನ ಮಟ್ಟಿಗೆ ಇದೇ ಆತನ ಸ್ವಂತ ಪುಸ್ತಕ. ಇಪ್ಪತ್ತೈದು ವರ್ಷ ದುಡಿದು ತಾನು ಮತಕ್ಕೆ ಸೇರಿಸಿಕೊಂಡವರು ಇನ್ನೂರರಿಂದ ಮುನ್ನೂರು ಮಂದಿ, ಅವರಲ್ಲಿ ಮೂರರಲ್ಲಿ ಎರಡು ಪಾಲು ಹೊಲೆಯರು, ಭಿಕ್ಷುಕರು ಎಂದು ಲೆಕ್ಕ ಒಪ್ಪಿಸುತ್ತಾನೆ. ಈ ದೇಶದಲ್ಲಿ ತಮ್ಮ ಕೆಲಸ ಕೈಗೂಡುವಂತಿಲ್ಲ ಎಂದು ನೇರವಾಗಿ ಬರೆಯುತ್ತಾನೆ. ಮಿಷನ್ನಿನವರಿಗೆ ಸಿಟ್ಟು ಬಂತು. ಜೇಮ್ಸ್ ಹಫ್ ಎಂಬ ಪಾದ್ರಿ ಮರುವರ್ಷವೇ ಖಂಡಿಸಿ ಒಂದು ಪುಸ್ತಕ ಬರೆದ. ತನಗೆ ಅನ್ನ ಕೊಟ್ಟ ಕೆಲಸ ನಡೆಯಲಿಲ್ಲವೆಂದು ಅಂಕಿ ಸಮೇತ ಬರೆದುಕೊಡುವ ನೌಕರರು ಎಷ್ಟು ಜನ? ಈ ಪತ್ರಗಳಲ್ಲಿ ಮಾತ್ರ ದೊಡ್ಡಸ್ವಾಮಿಯವರ ಕಣ್ಣಿಗೆ ಬಿದ್ದದ್ದು ಅವರ ಕೈಯಿಂದಲೇ ಕಾಗದಕ್ಕೆ ಇಳಿದಿದೆ.

ನಮ್ಮ ವಾಚನಾಲಯಕ್ಕೆ ಒಂದೇ ಪುಸ್ತಕ ತರಿಸುವುದಾದರೆ ಈ ಪತ್ರಗಳ ಸಂಪುಟವನ್ನು ತರಿಸಲಿ. ದಪ್ಪ ಪುಸ್ತಕ ಹೇಗೂ ಅನೇಕರ ಮನೆಯಲ್ಲಿದೆ. ನಾನು ನೋಡಿದ ಪ್ರತಿಗಳಲ್ಲಿ ಯಾವುದರ ಮುಖಪುಟದ ಮೇಲೂ ಕೆರ್ದೂ ಹೆಸರಿಲ್ಲ. ಇಟ್ಟುಕೊಂಡವರು ಒಳಪುಟದಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳಬಹುದು.