ಬಂದವರು ಯಾರು?

ಚಿಕ್ಕನಾಯಕನಹಳ್ಳಿ ಹತ್ತಿರದ ನಮ್ಮೂರಿಗೆ ಹೋದಾಗ ತಾತನಿಗೆ ಯೂಟ್ಯೂಬಲ್ಲಿ ಮೂಡಲಪಾಯ ಯಕ್ಷಗಾನದ ವಿಡಿಯೋ ಹಾಕಿಕೊಟ್ಟೆ. ಅಟ್ಟದಿಂದ ಇಳಿಸಿದ ಕಾಯಿ ಸುಲಿಯೋದು ನಡೀತಿತ್ತು. ಮಟ್ಟೆ ರಾಶಿಗೆ ಫೋನ್ ಒರಗಿಸಿದ್ದೆ. ನಾಲ್ಕು ನಿಮಿಷದ ತುಣುಕು. ಕಿರೀಟ, ಭುಜಕೀರ್ತಿ, ಕುಣಿತ ಎಲ್ಲ ಫಳಫಳ. ತಾತ ಕೇಳಿದ್ದು ಒಂದೇ: "ಭಾಗವತ್ರು ಯಾವೂರೋರ್ಲಾ?"

ವಿಡಿಯೋ ಕೆಳಗೆ ಹುಡುಕಿದೆ. ಊರಿಲ್ಲ, ಪ್ರಸಂಗದ ಹೆಸರಿಲ್ಲ, ಭಾಗವತರ ಹೆಸರಿಲ್ಲ. ಇದ್ದದ್ದು 'ನಮ್ಮ ಸಂಸ್ಕೃತಿ' ಅಂತ ಹ್ಯಾಶ್‌ಟ್ಯಾಗು, ಮೂರು ಬೆಂಕಿ ಇಮೋಜಿ.

ಕಲೆಯನ್ನ ಆನ್‌ಲೈನಿಗೆ ಏರಿಸಿದ್ರೆ ತಾತ-ಮೊಮ್ಮಕ್ಕಳು ಹತ್ತಿರ ಆಗ್ತಾರೆ ಅಂತ ನಾವೆಲ್ಲ ನಂಬಿದ್ದೀವಿ. ಆಗಬಹುದು. ನನ್ನ ತಕರಾರು ಏನನ್ನ ಕತ್ತರಿಸಿ ಏರಿಸ್ತೀವಿ ಅನ್ನೋದರ ಬಗ್ಗೆ. ಮೂಡಲಪಾಯದಲ್ಲಿ ಪಾತ್ರ ರಂಗಕ್ಕೆ ಬಂದ ಕೂಡಲೇ ಬಂದವರು ಯಾರು, ಯಾವ ಊರು, ಬಂದ ಕಾರಣ ಏನು ಅಂತ ವಿಚಾರಿಸೋ ಕ್ರಮ ಇದೆ. ರಾಜನೇ ಆಗಲಿ, ತನ್ನ ಪರಿಚಯ ತಾನೇ ಹೇಳಿಕೊಳ್ಳಬೇಕು. ರಾತ್ರಿಯಿಡೀ ನಡೆಯೋ ಆಟಕ್ಕೆ ಅಷ್ಟು ಪುರುಸೊತ್ತಿತ್ತು. ನಾವು ಎಡಿಟ್ ಮಾಡುವಾಗ ಮೊದಲು ಹಾರಿಸೋದೇ ಇದನ್ನ, ಬೋರು ಅಂತ. ಹಿಮ್ಮೇಳವಂತೂ ಫ್ರೇಮಿನ ಹೊರಗೆ. ಉಳಿಯೋದು ವೇಷ ಮಾತ್ರ.

ಕರಾವಳಿ ಯಕ್ಷಗಾನದ ವಿಡಿಯೋಗಳಲ್ಲಿ ಸಾಮಾನ್ಯವಾಗಿ ಮೇಳ, ಪ್ರಸಂಗ, ಭಾಗವತರ ಹೆಸರು ಇರ್ತವೆ. ಇಡೀ ಆಟವೂ ಸಿಗುತ್ತೆ. ಅಲ್ಲಿನ ಹುಡುಗರು ಭಾಗವತರ ಹೆಸರು ಹಿಡಿದೇ ಹುಡುಕ್ತಾರೆ. ನಮ್ಮ ಕಡೆ ಜಾನಪದ ವಿದ್ವಾಂಸ ಜೀಶಂಪ (1933–1995) ಮೂಡಲಪಾಯದ ಬೆನ್ನು ಹತ್ತಿ ಬರೆದರು. ಆದರೆ ನಾವು? ವೀಕೆಂಡಲ್ಲಿ ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಹೋಗಿ, ಕಲ್ಲೇಶ್ವರ ದೇವಸ್ಥಾನದ 9ನೇ ಶತಮಾನದ ಛತ್ತಿನಲ್ಲಿ ಕುಣಿಯೋ ಶಿವನ ಫೋಟೋ ಹಾಕ್ತೀವಿ. ನಾನೂ ಹಾಕಿದ್ದೀನಿ. ಅದೇ ಊರಲ್ಲಿ ಮೂಡಲಪಾಯ ಆಡೋರಿದ್ದಾರೆ ಅಂತ ಗೊತ್ತಾಗಿದ್ದು ಎಷ್ಟೋ ದಿನ ಆದಮೇಲೆ.

ತಾತ ಇನ್ನೊಂದ್ಸಲ ಹಾಕಿಸಿ ಕಣ್ಣು ಮುಚ್ಚಿ ಕೇಳಿದರು. "ಮುಖವೀಣೆ ಕೇಳುಸ್ತೈತೆ, ಊದೋನ್ನ ತೋರ್ಸಲ್ವಲ್ಲೋ." ಇದಕ್ಕಿಂತ ಒಳ್ಳೆ ವಿಮರ್ಶೆ ನಾನು ಬರೆಯಲಾರೆ. ಹಂಗೇ ಮಾತು 'ಕರಿಭಂಟನ ಕಾಳಗ'ಕ್ಕೆ ಹೋಯ್ತು. ವಯಸ್ಸಲ್ಲಿ ಕೋಡಂಗಿ ವೇಷ ಹಾಕ್ತಿದ್ದರಂತೆ. ಮೂವತ್ತೆರಡು ವರ್ಷದಲ್ಲಿ ನನಗೆ ಇದನ್ನ ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ.

ಅವರು ಹೇಳಿದ್ದನ್ನೆಲ್ಲ ರೆಕಾರ್ಡ್ ಮಾಡಿಕೊಂಡೆ. ಊರು, ಪ್ರಸಂಗ ಬರೆದಾಯ್ತು. ಅವರ ಕಾಲದ ಭಾಗವತರ ಹೆಸರು ಮಾತ್ರ ತಾತನಿಗೆ ನೆನಪಾಗಲಿಲ್ಲ. ತುರುವೇಕೆರೆಯಲ್ಲಿರೋ ಹಳೇ ಜೊತೆಗಾರರಿಗೆ ಫೋನ್ ಹಚ್ಚಿಕೊಟ್ಟೆ. ಹೆಸರು ಒಂದೇ ನಿಮಿಷದಲ್ಲಿ ಸಿಕ್ತು. ಫೋನ್ ನನ್ನ ಕೈಗೆ ವಾಪಸ್ ಬಂದಾಗ ಚಾರ್ಜ್ ಖಾಲಿ.